ಊಟದ ಮೇಜಿನ ಮೇಲಿನ ಕಂಪ್ಲಿ ಸ್ಟೇಷನ್ನು

ನಮ್ಮ ಯಜಮಾನರಿಗೆ ಲಕ್ವ ಹೊಡೆದಾಗ ಶಿವ ಎಲ್ಲವನ್ನೂ ತೆಗೆದುಕೊಳ್ಳಲಿಲ್ಲ. ಮಾತು ಉಳಿಸಿದ, ನೆನಪು ಉಳಿಸಿದ, ಬಲಗೈ ಉಳಿಸಿದ. ಎಡಗಾಲು ಮೊದಮೊದಲು ಹಟ ಮಾಡಿ ಆಮೇಲೆ ಕೋಲಿನ ಮಾತು ಕೇಳತೊಡಗಿತು. ಎಡಗೈ ಮಾತ್ರ ಯಾರ ಮಾತೂ ಕೇಳಲಿಲ್ಲ. ತೊಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು, ಯಾರದೋ ಮನೆಯಿಂದ ತಂದು ಮರೆತು ಹೋದ ಸಾಮಾನಿನ ಹಾಗೆ. ಆಸ್ಪತ್ರೆಯಿಂದ ಹೊಸಪೇಟೆಯ ಮನೆಗೆ ಕರೆತಂದ ಮೇಲೆ ನೋಡಲು ಬಂದವರೆಲ್ಲ, "ಹೋಗಿದ್ದು ಎಡಗೈ ಹೌದಲ್ರಿ, ಬಲಗೈ ಉಳೀತಲ್ಲ, ಪುಣ್ಯ ಮಾಡೀರಿ" ಎಂದು ಸಮಾಧಾನ ಹೇಳಿ ಚಹಾ ಕುಡಿದು ಹೋದರು. ಉಣ್ಣುವುದಕ್ಕೆ ಬಲಗೈ ಸಾಕು, ಸಹಿ ಹಾಕುವುದಕ್ಕೂ ಸಾಕು. ಆದರೆ ನಮ್ಮಲ್ಲಿ ದೇವರು ಕೂರುವುದು ಎಡಗೈಯಲ್ಲಿ.

ನಾವು ಲಿಂಗ ಕಟ್ಟಿಕೊಂಡ ಮನೆತನದವರು. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡುತ್ತೇವೆ. ಆ ಅಂಗೈಯೇ ಪೀಠ, ಆ ಅಂಗೈಯೇ ಗುಡಿ. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಅದಕ್ಕಿಂತ ದೊಡ್ಡ ಆಪತ್ತಿಲ್ಲ ಎಂದು ಕೇಳುತ್ತಲೇ ಬೆಳೆದವರು ನಾವಿಬ್ಬರೂ. ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಸಂಡೂರು ಕಡೆಯ ಅದಿರು ತುಂಬಿದ ಗಾಡಿಗಳು. ಡ್ಯೂಟಿಗೆ ಹೋದ ಊರಲ್ಲಿ, ಡ್ರೈವರುಗಳು ತಂಗುವ ಕೋಣೆಯ ಕಬ್ಬಿಣದ ಮಂಚದ ಮೇಲೆ ಕುಳಿತಾದರೂ ಪೂಜೆ ಬಿಟ್ಟವರಲ್ಲ. ಈಗ ಬಿಟ್ಟರು. ಕರಡಿಗೆ ಎದೆಯ ಮೇಲೆ ಮುಚ್ಚಿಕೊಂಡೇ ಇರುತ್ತಿತ್ತು.

ನಮ್ಮ ಮನೆಗೆ ಬರುವ ಮಠದ ಅಯ್ಯನವರು ಒಂದು ದಾರಿ ಹೇಳಿದರು.

"ಕಟಗಿ ಮಣಿ ಮ್ಯಾಲೆ ಇಟ್ಟು ಮಾಡ್ರಿ, ಕೈಗೆ ಶಕ್ತಿ ಬರೋತನ. ಶಿವ ಏನ್ ಸಿಟ್ಟಾಗಂಗಿಲ್ಲ."

"ನನ್ನ ಕೈಯಾಗ ಕುಂತಾತ ಮಣಿ ಮ್ಯಾಲೆ ಯಾಕ ಕುಂದ್ರಬೇಕ್ರಿ ಅಯ್ಯನೋರ?" ಎಂದರು ಇವರು.

"ಹಂಗಂದ್ರ ನಾನು ನಿಮ್ಮ ಕೈ ಕೆಳಗ ನನ್ನ ಕೈ ಹಿಡೀತೀನಿ" ಎಂದೆ ನಾನು.

"ನಿನ್ನ ಪೂಜಿ ನೀ ಮಾಡ್ಕೊ."

ಅದು ಕೋಪದ ಮಾತಲ್ಲ, ಅಂಜಿಕೆಯದು. ಅದು ಅಯ್ಯನವರಿಗೂ ತಿಳಿಯಿತು. ಅಂದಿನಿಂದ ನಾನು ನನ್ನ ಪೂಜೆಗೆ ಕುಳಿತಾಗ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತಿದ್ದೆ. ತಂಬಿಗೆಯ ನೀರಿನ ಸದ್ದು ಅವರಿಗೆ ಕೇಳಬಾರದೆಂದು. ಕೇಳುತ್ತಲೇ ಇತ್ತು, ನಮ್ಮದೇನು ದೊಡ್ಡ ಮನೆಯೆ?

ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ನಗುನಗುತ್ತಲೇ ಬಿಗಿಯಾಗಿ ಕೆಲಸ ಮಾಡಿಸುವವಳು. ರಬ್ಬರ್ ಚೆಂಡು ಹಿಸುಕಿಸುವಳು, ಬೆರಳು ಬಿಡಿಸುವಳು. ಒಂದು ದಿನ ನನಗೆ ಹೇಳಿದಳು:

"ಆಂಟಿ, ಎಡಗೈ ಹಿಡೀಬೇಕು, ಬಲಗೈ ಕೆಲಸ ಮಾಡಬೇಕು. ಅಂಥಾದ್ದೇನರ ಕೊಡ್ರಿ. ಬಟಾಣಿ ಸುಲಿಸ್ರಿ, ಬಳ್ಳೊಳ್ಳಿ ಸುಲಿಸ್ರಿ."

"ಅಷ್ಟುದ್ದ ಗಾಡಿ ಎಳದಾತಗ ಬಳ್ಳೊಳ್ಳಿ ಸುಲಿ ಅಂತಾಳ ನೋಡು" ಎಂದು ಯಜಮಾನರು ಗೋಡೆಯ ಕಡೆ ತಿರುಗಿದರು.

"ಹಂಗಾರ ರೈಲೇ ತಂದ್ ಕೊಡ್ರಿ ಇವರಿಗೆ" ಎಂದಳು ಹುಡುಗಿ, ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ.

ಅವಳು ಹೋದ ಮೇಲೂ ಆ ಮಾತು ನನ್ನ ಕಿವಿಯಲ್ಲಿ ನಿಂತಿತು. ರೈಲಿನ ಮಾತಲ್ಲ, ಅದಕ್ಕೆ ಮೊದಲಿನದು. ಎಡಗೈ ಹಿಡಿಯುವುದು, ಬಲಗೈ ಕೆಲಸ ಮಾಡುವುದು. ಪೂಜೆಯೂ ಅದೇ ಅಲ್ಲವೆ?

ನನ್ನ ಮೈದುನ ಸಂಡೂರಿನಲ್ಲಿ ಗಣಿ ಆಫೀಸಿನಲ್ಲಿದ್ದಾನೆ. ಅಣ್ಣನನ್ನು ನೋಡಲು ಭಾನುವಾರ ಬರುತ್ತಾನೆ. ಹುಡುಗಿ ಹೇಳಿದ್ದನ್ನು ನಗೆಯ ಮಾತಾಗಿ ಅವನಿಗೆ ಹೇಳಿದೆ. ಅವನು ನಗಲಿಲ್ಲ. ಫೋನು ತೆಗೆದು ಏನೋ ಹುಡುಕುತ್ತಾ ಕುಳಿತ. ಕೆಲವು ದಿನಗಳಾದ ಮೇಲೆ ಒಂದು ಡಬ್ಬಿ ಹಿಡಿದು ಬಂದ. ಮೇಲೆ ಯಾವುದೋ ತಣ್ಣನೆ ದೇಶದ ರೈಲ್ವೆ ಸ್ಟೇಷನ್ನಿನ ಚಿತ್ರ. ಕಡಿದಾದ ಕೆಂಪು ಹೆಂಚಿನ ಮಾಡು, ಹೊಗೆಗೂಡು, ಕಿಟಕಿಯ ಕೆಳಗೆ ಹೂವಿನ ತೊಟ್ಟಿ.

"ಏನಲೇ ತಮ್ಮಾ ಇದು, ಹುಡುಗರ ಆಟಿಗಿ ಸಾಮಾನೇನು?"

"ಹುಡುಗರದ್ದಲ್ಲಣ್ಣಾ, ಮುದುಕರದು. ಫಾರಿನ್ನಾಗ ರಿಟೈರ್ ಆದವರೆಲ್ಲ ಕುಂತು ಇದನ್ನ ಮಾಡ್ತಾರಂತ."

"ಅವರಿಗೆ ಬ್ಯಾರೆ ಕೆಲಸ ಇಲ್ಲೇನು?"

"ನಿನಗೇನೈತಿ?"

ಅಣ್ಣ ತಮ್ಮ ಒಬ್ಬರನ್ನೊಬ್ಬರು ದಿಟ್ಟಿಸಿದರು. ನಾನು ಡಬ್ಬಿ ಬಿಚ್ಚಿದೆ. ಗೋಡೆ, ಬಾಗಿಲು, ಕಿಟಕಿ, ಕಂಬ ಎಲ್ಲವೂ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡಿದ್ದವು, ಹುಣಸೆಕಾಯಿ ಕೊಂಬೆಗೆ ಜೋತುಬಿದ್ದ ಹಾಗೆ. ಒಂದೊಂದನ್ನೇ ಕತ್ತರಿಸಿ, ಅಂಚು ಉಜ್ಜಿ, ಅಂಟು ಹಚ್ಚಿ ನಿಲ್ಲಿಸಬೇಕು. ಬಾಗಿಲು ನನ್ನ ಕಿರುಬೆರಳಿನ ತುದಿಯಷ್ಟು. ಜೊತೆಗೊಂದು ಕಾಗದ, ಅದರಲ್ಲಿ ಬರೀ ಚಿತ್ರ ಮತ್ತು ಬಾಣದ ಗುರುತು. ಯಜಮಾನರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಟಿಕೆಟ್ ಕಿಟಕಿ ಪ್ಲಾಟ್‌ಫಾರ್ಮ್ ಕಡೆ ಇಟ್ಟಾರ. ಮಂದಿ ಟಿಕೆಟ್ ತಗೊಳ್ಳದ ಒಳಗ ಹೋಗ್ತಾರ" ಎಂದರು. ಅಷ್ಟು ಸಾಕಾಯಿತು. ತಪ್ಪು ಕಂಡ ಮೇಲೆ ಸುಮ್ಮನೆ ಬಿಡುವ ಜೀವ ಅದಲ್ಲ.

ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿಕೊಟ್ಟೆ. ಎಡಗೈ ಬೆರಳುಗಳ ನಡುವೆ ಗೋಡೆಯ ತುಂಡನ್ನು ನಾನೇ ಸಿಕ್ಕಿಸಿಕೊಡುತ್ತಿದ್ದೆ, ಬಲಗೈಯಿಂದ ಅವರು ಅಂಟು ಹಚ್ಚುತ್ತಿದ್ದರು. ಅಂಟು ಹಚ್ಚುವುದರೊಳಗೆ ಗೋಡೆ ಬೀಳುತ್ತಿತ್ತು. ಮತ್ತೆ ಎತ್ತಿ ಕೊಡುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಕಿಟಕಿಗಳು ನೆಲಕ್ಕೆ ಹಾರಿದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕಸ ಗುಡಿಸಿ, ಆ ಕಸವನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಹುಡುಕುತ್ತಿದ್ದೆ. ಆ ಜರಡಿಯನ್ನು ಆಮೇಲೆ ಹಿಟ್ಟಿಗೆ ಬಳಸಲಿಲ್ಲ, ಬೇರೆ ತಂದೆ.

ಬಿದ್ದಾಗ ನಾನು ಅವರ ಮುಖ ನೋಡುತ್ತಿರಲಿಲ್ಲ. ಆದರೆ ದಿನ ಕಳೆದಂತೆ ನನಗೊಂದು ಉಪಕಾರ ಕಂಡಿತು. ಇದು ಬಿದ್ದರೆ ಬೀಳಲಿ ಎನ್ನಬಹುದಾದ ವಸ್ತು. ಅಂಗೈಯಿಂದ ಏನೂ ಬೀಳಬಾರದು ಎಂದುಕೊಂಡವರ ಕೈಗೆ, ಬೀಳಿಸಿ ಬೀಳಿಸಿ ಕಲಿಯಲು ಒಂದು ವಸ್ತು ಸಿಕ್ಕಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಕಂಬಳಿ ಮಡಚಿ ಇಡುತ್ತಿದ್ದರು.

ಡಬ್ಬಿಯ ಮೇಲಿನ ಚಿತ್ರದಂತೆ ಕಟ್ಟುವುದು ಅವರಿಗೆ ಮೊದಲಿಂದಲೂ ಒಪ್ಪಿಗೆ ಇರಲಿಲ್ಲ.

"ಹೊಗೆಗೂಡು ಯಾತಕ? ನಮ್ಮ ಬಿಸಿಲಿಗೆ ಸ್ಟೇಷನ್ ಮಾಸ್ತರ ಬೆಂಕಿ ಕಾಸ್ಕೋತಾನೇನು? ಮಾಡು ಇಷ್ಟು ಇಳಿಜಾರ ಇದ್ರ ಕಾಗಿ ಕುಂತರೂ ಜಾರ್ತೈತಿ."

ಹೊಗೆಗೂಡು ಹೋಯಿತು. ಮಾಡಿನ ಬದಲು ಸಪಾಟಾದ ಮಾಳಿಗೆ ಬೇಕೆಂದರು. ಮನೆಯಲ್ಲಿ ಬಿದ್ದಿದ್ದ ದಪ್ಪನೆಯ ಲಗ್ನಪತ್ರಿಕೆಗಳಲ್ಲಿ ಒಂದನ್ನು ಕೊಟ್ಟೆ. ಅಕ್ಷರ ಒಳಗೆ ಬರುವಂತೆ ತಿರುಗಿಸಿ ಕತ್ತರಿಸಿದರು. ಗಾದಿಗನೂರಿನಲ್ಲಿ ಪ್ಯಾಸೆಂಜರ್ ಗಾಡಿಗೆ ದಾರಿ ಬಿಟ್ಟು ಪಕ್ಕದ ಹಳಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರಂತೆ. ಅಲ್ಲಿ ಎಂಜಿನ್ನಿನಿಂದ ನೋಡಿದ್ದನ್ನೆಲ್ಲ ಇಲ್ಲಿಗೆ ತಂದರು. ಸಿಮೆಂಟ್ ಬೆಂಚು, ನೀರಿನ ಗಡಿಗೆ ಇಡುವ ಕಟ್ಟೆ, ಗೋಡೆಗೆ ಒರಗಿಸಿದ ಸೈಕಲ್ಲು. ಗಡಿಗೆಗೆ ನನ್ನ ಹರಿದ ಸರದ ಮಣಿ ಕೊಟ್ಟೆ. ಬೇವಿನ ಮರಕ್ಕೆ ಕೊತ್ತಂಬರಿಯ ಬೇರು ಒಣಗಿಸಿ ತಲೆಕೆಳಗು ನಿಲ್ಲಿಸಿದೆ. ಹಳಿ ಬರುವ ಜಾಗದ ಜಲ್ಲಿಗೆ ಅಕ್ಕಿನುಚ್ಚನ್ನು ಚಹಾದ ನೀರಲ್ಲಿ ನೆನೆಸಿ ಬಣ್ಣ ಮಾಡಿದೆ. ನಾನು ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಯ ಮಗಳು, ನನ್ನ ಬುದ್ಧಿ ನುಚ್ಚಿಗೇ ಓಡುತ್ತದೆ. ಮರುದಿನ ನೋಡಿದರೆ ಇರುವೆಗಳು ಸಾಲುಹಿಡಿದು ಜಲ್ಲಿ ಹೊತ್ತುಕೊಂಡು ಹೊರಟಿದ್ದವು.

"ನೋಡು, ಲೋಡಿಂಗ್ ನಡದೈತಿ" ಎಂದು ಯಜಮಾನರು ನಕ್ಕರು. ಲಕ್ವವಾದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಇರುವೆಗಳಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಸೋಮವಾರ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈ ಮುಗಿದು ಬರುವುದು ನನ್ನ ರೂಢಿ. ಅಂಥ ಒಂದು ಸೋಮವಾರ ಯಜಮಾನರು, "ಕಲ್ಲಿನ ಬಣ್ಣ ನೋಡ್ಕೊಂಡ್ ಬಾ" ಎಂದರು. ಸ್ಟೇಷನ್ನಿನ ಗೋಡೆಗೆ ನಮ್ಮ ಕಡೆಯ ಕಲ್ಲಿನ ಬಣ್ಣ ಬರಬೇಕಂತೆ. ಕಲ್ಲಿನ ಬಣ್ಣವೇನು, ಬೂದು, ಎಂದುಕೊಂಡು ಬಸ್ಸು ಹತ್ತಿದೆ. ಕಡ್ಡಿರಾಂಪುರ ದಾಟುವಾಗ ಕಿಟಕಿಯಿಂದ ನೋಡಿದರೆ ಒಂದು ಬಂಡೆಯಲ್ಲೂ ಬೂದು ಇರಲಿಲ್ಲ. ಬಿಸಿಲು ಬಿದ್ದ ಕಡೆ ಹದವಾಗಿ ಕಾಯಿಸಿದ ಹಾಲಿನ ಕೆನೆ, ನೆರಳಲ್ಲಿ ಅರಿಷಿಣ ಬೆರೆತ ಕಂದು, ಮಳೆನೀರು ಇಳಿದ ಜಾಗದಲ್ಲಿ ಕಾಡಿಗೆಯ ಗೆರೆ. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೆ. ಕಣ್ಣು ಮುಚ್ಚಿ ಶಿವಶಿವ ಎನ್ನುತ್ತಾ ಕೂರುತ್ತಿದ್ದೆನೇ ಹೊರತು ಅವನು ಹೊರಗೆ ಹರವಿಟ್ಟದ್ದನ್ನು ನೋಡಿರಲಿಲ್ಲ. ಗುಡಿಯಲ್ಲಿ ಕಂಬದ ಮುಂದೆ ನಿಂತು ಬುಡದಿಂದ ತಲೆಯವರೆಗೆ ಬಣ್ಣ ಹೇಗೆ ತಿರುಗುತ್ತದೆಂದು ನೋಡುತ್ತಿದ್ದರೆ ಹಿಂದಿನವರು, "ಯಮ್ಮಾ, ದೇವರು ಆ ಕಡೆ ಅದಾನ, ಜಲ್ದಿ ನಡೀರಿ" ಎಂದರು.

ದೇವರ ಮುಂದೆ ಬೇಡಿದ್ದು ಒಂದೇ. ಇವರ ಅಂಗೈ ನಿನಗೆ ಮತ್ತೆ ಜಾಗ ಕೊಡುವಂತಾಗಲಿ.

ಮನೆಗೆ ಬಂದು ಬಣ್ಣ ಹೇಳಿದೆ. ಅವರು ಬಣ್ಣಕ್ಕೆ ಬಹಳ ನೀರು ಬೆರೆಸಿ, ಮೇಲಿಂದ ಮೇಲೆ ತೆಳುವಾಗಿ ಹಚ್ಚಿ, ಒರೆಸಿ, ಮತ್ತೆ ಹಚ್ಚಿದರು. ಎಡಗೈ ಅಷ್ಟು ಹೊತ್ತಿಗೆ ಗೋಡೆಯನ್ನು ತಾನೇ ಹಿಡಿಯುತ್ತಿತ್ತು. ನಡುಗುತ್ತಿತ್ತು, ಆದರೆ ಹಿಡಿಯುತ್ತಿತ್ತು. ವ್ಯಾಯಾಮದ ಹುಡುಗಿ ನೋಡಿ, "ಅಂಕಲ್, ಈಗ ಅಂಗೈ ಮ್ಯಾಲೆ ಮಾಡಿ ಅದರ ಮ್ಯಾಲೆ ಏನರ ತೂಕ ಇಟ್ಕೊಳ್ರಿ. ಚಪಾತಿ ಹಿಟ್ಟಿನ ಉಂಡಿ ಆದರೂ ಆಗಲಿ" ಎಂದಳು. ಅವರು ಇಟ್ಟುಕೊಳ್ಳಲಿಲ್ಲ. ಬೆರಳಿನಿಂದ ಹಿಡಿಯಲು ಒಪ್ಪಿದ್ದ ಮನುಷ್ಯ ಅಂಗೈ ಚಾಚಲು ಒಪ್ಪಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಖಾಲಿ ಅಂಗೈ ಚಾಚಿದರೆ ಅಲ್ಲಿ ಇರಬೇಕಾದದ್ದು ನೆನಪಾಗುತ್ತದೆ.

ಸ್ಟೇಷನ್ನಿನ ಹೆಸರಿನ ಹಲಗೆ ಬರೆಯುವ ಸರದಿ ಬಂತು. ಅವರು ಗಾದಿಗನೂರು ಎಂದರು. ನಾನು ಕಂಪ್ಲಿ ಎಂದೆ.

"ಕಂಪ್ಲಿಗೆ ಎಲ್ಲೈತಿ ರೈಲು?"

"ಇಲ್ಲ ಅಂತನ ಕೇಳೀನಿ. ಇದ್ರ ನಿಮ್ಮನ್ಯಾಕ ಕೇಳ್ತಿದ್ದೆ?"

ಚಿಕ್ಕವಳಿದ್ದಾಗ ರೈಲು ನೋಡಬೇಕೆಂದರೆ ನಮ್ಮಪ್ಪ ದರೋಜಿಯ ತನಕ ಕರೆದೊಯ್ಯಬೇಕಾಗುತ್ತಿತ್ತು. ರೈಲು ಬಂದು, ಒಂದಿಷ್ಟು ನಿಂತು, ನಮ್ಮನ್ನು ಬಿಟ್ಟು ಹೋಗುತ್ತಿತ್ತು. ನಮ್ಮೂರಿಗೂ ಬರಬಾರದಿತ್ತೇ ಎನಿಸುತ್ತಿತ್ತು. ರೈಲಿನವರನ್ನೇ ಮದುವೆಯಾದೆ, ರೈಲು ಮಾತ್ರ ತವರಿಗೆ ಬರಲಿಲ್ಲ. ಯಜಮಾನರು ಹಳದಿ ಹಲಗೆಯ ಮೇಲೆ ಸೂಜಿಯಷ್ಟು ಸಣ್ಣ ಕುಂಚದಿಂದ ಕಂಪ್ಲಿ ಎಂದು ಬರೆದರು. ಸ್ಟೇಷನ್ ಹಲಗೆಯ ಕೆಳಗೆ ಆ ಊರು ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತಾರಲ್ಲ, ಅದನ್ನು ಬರೆಯದೆ ಜಾಗ ಬಿಟ್ಟರು. "ಗೊತ್ತಿಲ್ಲದ್ದು ಬರೀಬಾರದು" ಎಂದರು.

ಕಟ್ಟಡ ಮುಗಿಯುತ್ತಿದ್ದಂತೆ ಮೈದುನ ಗುಂಡಗಿನ ಹಳಿಯನ್ನೂ ಒಂದು ಪುಟ್ಟ ಎಂಜಿನ್ನನ್ನೂ ತಂದ. ನೋಡಲು ಪುಟ್ಟದು, ಕೈಗೆತ್ತಿಕೊಂಡರೆ ತೂಕವಿತ್ತು. ಎಲ್ಲ ಜೋಡಿಸಿ ಹಿಂದೆ ಸರಿದು ನೋಡಿದ ಯಜಮಾನರಿಗೆ ಸಮಾಧಾನವಾಗಲಿಲ್ಲ.

"ಇದು ನಮ್ಮ ಕಡೀ ಸ್ಟೇಷನ್ ಅನಿಸವಲ್ದು. ಭಾಳ ಸ್ವಚ್ಛ ಐತಿ. ಧೂಳೆಲ್ಲೈತಿ? ಲೇ ತಮ್ಮಾ, ಬರೋವಾರ ಸಂಡೂರಿಂದ ಒಂದು ಪೊಟ್ಟಣ ಧೂಳು ತೊಗೊಂಡ್ ಬಾ."

"ಧೂಳು ತರಾಕ ಸಂಡೂರ್ ಯಾಕಣ್ಣಾ? ನನ್ನ ಶರ್ಟ್ ಝಾಡಿಸಿದ್ರ ಇಲ್ಲೇ ಬೀಳ್ತೈತಿ."

ಆದರೂ ತಂದ. ರಸ್ತೆಯ ಪಕ್ಕದ ಅದಿರಿನ ಪುಡಿ, ಕುಂಕುಮಕ್ಕಿಂತ ಒಂದು ಛಾಯೆ ಕಪ್ಪು. ಯಜಮಾನರು ಅದನ್ನು ಮಾಳಿಗೆಯ ಅಂಚಿಗೆ, ಬೆಂಚಿನ ಕೆಳಗೆ, ಹಳಿಯ ಉದ್ದಕ್ಕೂ ಚಿಟಿಕೆ ಚಿಟಿಕೆಯಾಗಿ ಉದುರಿಸಿದರು. ನಾನು ಗುಡಿಸಿ ಗುಡಿಸಿ ಸಾಕಾಗಿ ಬೈದುಕೊಂಡ ಧೂಳು ಅದು. ಅದು ಬಿದ್ದ ಕೂಡಲೇ ಪ್ಲಾಸ್ಟಿಕ್ ಪ್ಲಾಸ್ಟಿಕ್ ಆಗಿ ಉಳಿಯಲಿಲ್ಲ. ಬಿಸಿಲಲ್ಲಿ ಗಾಡಿಗೆ ಕಾಯುತ್ತಾ ನಿಂತ ಊರಾಯಿತು. ಮೂವರೂ ಬಗ್ಗಿ ನೋಡಿದೆವು.

ಮೈದುನ ಕರೆಂಟು ಕೊಟ್ಟ. ಎಂಜಿನ್ನು ಹೊರಟಿತು. ಕಂಪ್ಲಿಗೆ ರೈಲು ಬಂತು, ಹೋಯಿತು, ಸುತ್ತು ಹಾಕಿ ಮತ್ತೆ ಬಂತು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ನರಳಿದಂತೆ ಸದ್ದು ಮಾಡಿ ನಿಂತಿತು. ಮೈದುನ ತಳ್ಳಿದ. ಮುಂದೆ ಹೋಗಿ ಮತ್ತೆ ನಿಂತಿತು. ಆಮೇಲೆ ಅಲುಗಲೇ ಇಲ್ಲ.

ಹಳಿ ಜೋಡಿಸಿದ್ದು ಯಜಮಾನರು, ಎಡಗೈಯಲ್ಲಿ ಹಿಡಿದು. ಅವರು ಆ ಕೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಹಾಕಿಕೊಂಡರು.

"ಹಳಿ ಸೊಟ್ಟ ಆಗಿರ್ತೈತಿ. ಈ ಕೈ ಮುಟ್ಟಿದ್ದೆಲ್ಲಾ ಹಿಂಗ. ತಗದಿಡ್ರಿ ಎಲ್ಲಾ."

"ಏನ್ರೀ, ಸ್ವಲ್ಪ ತಡೀರಿ."

"ತಗದಿಡು ಅಂದೆ. ಇದರಿಂದ ಇನ್ನೇನು ಆಗಾದಿಲ್ಲ. ನನಗ ಗೊತ್ತೈತಿ."

'ಇದರಿಂದ' ಎಂದದ್ದು ಎಂಜಿನ್ನನ್ನಲ್ಲ. ತಿಂಗಳುಗಟ್ಟಲೆ ಕಟ್ಟಿದ್ದು ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಕರಡಿಗೆ ಇನ್ನು ತೆರೆಯುವುದಿಲ್ಲ ಎಂದುಕೊಂಡೆ. ಶಿವನ ಮೇಲೆ ಸ್ವಲ್ಪ ಸಿಟ್ಟೂ ಬಂತು, ಮುಚ್ಚಿಡುವುದೇಕೆ?

ಅಷ್ಟರಲ್ಲಿ ಎಂಜಿನ್ನನ್ನು ತಲೆಕೆಳಗು ಮಾಡಿ ನೋಡುತ್ತಿದ್ದ ಮೈದುನ ಜೋರಾಗಿ ಕೂಗಿದ.

"ಅಣ್ಣಾ, ನಿನ್ನ ಎಂಜಿನ್ನಿಗೆ ಗಡ್ಡ ಬಂದೈತಿ!"

ನಿಜವಾಗಿಯೂ ಬಂದಿತ್ತು. ಹೊಟ್ಟೆಯ ಕೆಳಗೆ, ಗಾಲಿಗಳ ಸುತ್ತ, ಕೆಂಗಪ್ಪು ಧೂಳು ಕೂದಲು ಕೂದಲಾಗಿ ನಿಂತಿತ್ತು. ಮೋಟಾರಿನೊಳಗೆ ಅಯಸ್ಕಾಂತವಿರುತ್ತದಂತೆ. ನಮ್ಮ ಧೂಳಿನಲ್ಲಿ ಕಬ್ಬಿಣ. ಹಾದಿಯ ಧೂಳನ್ನೆಲ್ಲ ಎಂಜಿನ್ನು ಕುಡಿದು ಉಸಿರುಗಟ್ಟಿ ನಿಂತಿತ್ತು.

"ಹಳಿ ನೆಟ್ಟಗೈತಣ್ಣಾ. ನಿನ್ನ ಕೈದೇನೂ ತಪ್ಪಿಲ್ಲ. ಬ್ಯಾರೆ ಊರಿನ ಧೂಳಾಗಿದ್ರ ಏನೂ ಆಗ್ತಿದ್ದಿಲ್ಲ. ಗಣಿ ಆಫೀಸಿನಾಗ ಕುಂತು ನನಗೂ ಹೊಳೀಲಿಲ್ಲ ನೋಡು."

ಯಜಮಾನರು ಬಗ್ಗಿ ಎಂಜಿನ್ನಿನ ಗಡ್ಡ ನೋಡಿದರು. ಆಮೇಲೆ ನಗೆಗೆ ಅವರ ಹೊಟ್ಟೆ ಅಲುಗಾಡತೊಡಗಿತು.

"ಜೀವಮಾನ ಪೂರಾ ಅದಿರು ಎಳದೆ. ಈಗ ಅದು ನನ್ನ ಎಂಜಿನ್ನ ಎಳೀತೈತಿ."

ಮೈದುನ ಬ್ರಷ್ಷು ಕೇಳಿದ. ಯಜಮಾನರು ಕೈ ಚಾಚಿದರು.

"ಬಿಡಲೇ, ನಿನಗೇನ್ ತಿಳೀತೈತಿ? ಎಂಜಿನ್ ನಂದು. ಇಲ್ಲಿ ಕೊಡು."

ಚಾಚಿದ್ದು ಎಡಗೈ, ಅಂಗೈ ಮೇಲೆ ಮಾಡಿ. ಮೈದುನ ನನ್ನ ಮುಖ ನೋಡಿದ. ನಾನು ಕೊಡು ಎಂದು ಕಣ್ಣಲ್ಲೇ ಹೇಳಿದೆ. ಎಂಜಿನ್ನನ್ನು ತಲೆಕೆಳಗು ಮಾಡಿ ಆ ಅಂಗೈಯಲ್ಲಿಟ್ಟ. ಬೆರಳುಗಳು ಒಂದೊಂದಾಗಿ ಮೇಲೆದ್ದು ಅದನ್ನು ಒಳಗೆ ಮಾಡಿಕೊಂಡವು. ಬಲಗೈಯಿಂದ ಅವರು ಧೂಳು ತೆಗೆಯತೊಡಗಿದರು. ನನ್ನ ಸೂಜಿ ಬೇಡಿದರು, ಕೊಟ್ಟೆ. ಹತ್ತಿ ಬೇಡಿದರು, ಕೊಟ್ಟೆ. ತಲೆ ಬಗ್ಗಿಸಿ, ಉಸಿರು ಹಿಡಿದು, ಗಾಲಿಯಿಂದ ಗಾಲಿಗೆ ಹೋದರು. ಚಹಾ ಆರಿ ಕೆನೆ ಕಟ್ಟಿತು. ಕೈ ನಡುಗಿತು, ಒಮ್ಮೆ ಒಂದು ಕಡೆ ವಾಲಿತು, ನನ್ನ ಕೈ ತಾನಾಗಿ ಮುಂದೆ ಹೋಯಿತು, ಅದನ್ನು ಹಿಂದಕ್ಕೆ ಎಳೆದುಕೊಂಡೆ. ಅವರ ಕೈ ತಾನೇ ನೆಟ್ಟಗಾಯಿತು.

ಪೂಜೆಗೆ ಕುಳಿತವರನ್ನು ಮಾತಾಡಿಸಬಾರದು. ನಾವಿಬ್ಬರೂ ಮಾತಾಡಿಸಲಿಲ್ಲ.

ಧೂಳು ಪೂರ್ತಿ ಹೋಗಲಿಲ್ಲ. ಸಾಕಷ್ಟು ಹೋಯಿತು. ಅದಿರನ್ನು ಗುಡಿಸಿ ತೆಗೆದು, ಹೆಂಚಿನ ತುಂಡು ಕುಟ್ಟಿ ಸೋಸಿ ಆ ಜಾಗಕ್ಕೆ ಹಾಕಿದೆವು. ಅಷ್ಟು ಚೆಂದ ಕಾಣುವುದಿಲ್ಲ. ಎಂಜಿನ್ನು ಓಡುತ್ತದೆ.

ಮರುದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುವಾಗ ಯಜಮಾನರು ಮಡಿಯುಟ್ಟು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ದಪ್ಪನ ಕಂಬಳಿ ನಾಕು ಮಡಿಕಿ ಮಾಡಿ ತೊಡಿ ಮ್ಯಾಲೆ ಹಾಕು. ಅದರ ಮ್ಯಾಲೊಂದು ಮಡಿ ಬಟ್ಟಿ."

ಹಾಕಿದೆ. ಎಡಗೈಯನ್ನು ಅದರ ಮೇಲೆ ಇಟ್ಟುಕೊಂಡರು. ಬಿದ್ದರೂ ನೆಲಕ್ಕೆ ಬೀಳದಂತೆ ಅವರೇ ಯೋಚನೆ ಮಾಡಿದ್ದರು, ರಾತ್ರಿಯೆಲ್ಲ ಮಾಡಿದ್ದರೋ ಏನೋ. ಬಲಗೈಯಿಂದ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟರು. ಕೈ ನಡುಗಿತು. ನೀರು ಎರೆದಾಗ ಅರ್ಧ ಬಟ್ಟೆಗೆ ಹೋಯಿತು. ವಿಭೂತಿ ಹಚ್ಚಿದರು. ಪತ್ರೆ ನಿಲ್ಲಲಿಲ್ಲ, ಜಾರಿತು, ಇನ್ನೊಂದು ಏರಿಸಿದರು. ಲಿಂಗ ಜಾರಲಿಲ್ಲ. ಮೊದಲಾದರೆ ಬಹಳ ಹೊತ್ತು ನೋಡುತ್ತಾ ಕೂರುತ್ತಿದ್ದರು. ಅಂದು ಬೇಗ ಮುಗಿಸಿದರು, ಕೈ ಸೋತಿತ್ತು. ಸೋತದ್ದನ್ನು ಒಪ್ಪಿಕೊಂಡು, ಕರಡಿಗೆ ಮುಚ್ಚಿ, ಎದೆಗೆ ಒತ್ತಿಕೊಂಡರು.

ಒದ್ದೆಯಾದ ಬಟ್ಟೆಯನ್ನು ಅವರ ತೊಡೆಯಿಂದ ತೆಗೆದೆ. ಅವರು ಹೇಳಿದರು:

"ನಾಳಿ ಪತ್ರಿ ಸಣ್ಣು ತಾ. ಇವು ಭಾಳ ಅಗಲ ಅದಾವು."